ಉಪ್ಪು ಹೆಪ್ಪುಗಟ್ಟಿದ ವಾರ

ಬ್ಯಾಟರಿ ಅಂದಕೂಡಲೇ ನನಗೆ ನೆನಪಾಗುವುದು ತೂತು ಬಿದ್ದ ಸೀರೆಗಳು. ಡಿಪ್ಲೊಮಾ ಮುಗಿಸಿ ವಿದ್ಯುತ್ ಇಲಾಖೆ ಸೇರಿದಾಗ ನನ್ನನ್ನು ಸೊರಬದ ಕಡೆಯ ಒಂದು ಸಬ್‌ಸ್ಟೇಷನ್ನಿಗೆ ಹಾಕಿದರು. ಅಲ್ಲಿಗೆ ಕೆಲಸಕ್ಕೆ ಬಂದ ಮೊದಲ ಹೆಣ್ಣುಮಗಳು ನಾನು. ಕಂಬ ಹತ್ತಿಸಲು ಅವರಿಗೆ ಧೈರ್ಯವಿಲ್ಲ, ಸುಮ್ಮನೆ ಕೂರಿಸಲು ಮನಸ್ಸಿಲ್ಲ. ಕೊನೆಗೆ ಬ್ಯಾಟರಿ ರೂಮಿನ ಬೀಗದ ಕೈ ನನ್ನ ಪಾಲಿಗೆ ಬಂತು. ಸಾಲಾಗಿ ಜೋಡಿಸಿದ ಗಾಜಿನ ತೊಟ್ಟಿಗಳು, ಒಳಗೆ ಸೀಸದ ತಗಡು, ಆಸಿಡ್ಡು. ಹೈಡ್ರೋಮೀಟರ್ ಅದ್ದಿ ಆಸಿಡ್ಡಿನ ಸಾಂದ್ರತೆ ನೋಡುವುದು, ಆರಿಹೋದಷ್ಟು ಡಿಸ್ಟಿಲ್ಡ್ ವಾಟರ್ ತುಂಬುವುದು, ತುಕ್ಕು ಹಿಡಿದ ಟರ್ಮಿನಲ್ ಒರೆಸಿ ಗ್ರೀಸ್ ಹಚ್ಚುವುದು. ಎಷ್ಟು ಜೋಪಾನ ಮಾಡಿದರೂ ಹನಿ ಸಿಡಿಯುತ್ತಿತ್ತು. ಸಿಡಿದದ್ದು ಆಗ ಕಾಣುತ್ತಿರಲಿಲ್ಲ. ಸೀರೆ ಒಗೆದು ಹರವಿದಾಗ ಆಕಾಶದ ತುಂಬ ಚುಕ್ಕಿ ಮೂಡಿದ ಹಾಗೆ ತೂತುಗಳು ಕಾಣುತ್ತಿದ್ದವು. ನಮ್ಮಮ್ಮ ಅದನ್ನು ಎತ್ತಿ ಹಿಡಿದು, ಇವಳು ಕರೆಂಟ್ ಆಫೀಸಿಗೆ ಹೋಗುತ್ತಾಳೋ ಇಲಿಗಳ ಜೊತೆ ಸಂಸಾರ ಮಾಡುತ್ತಾಳೋ ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡು ನಗುತ್ತಿದ್ದರು.

ಊರಿಗೆಲ್ಲ ಕರೆಂಟ್ ಕೊಡುವ ಜಾಗದಲ್ಲಿ ಬ್ಯಾಟರಿಗೇನು ಕೆಲಸ ಎಂದು ಆಗ ನನಗೂ ಅನ್ನಿಸಿತ್ತು. ನಮ್ಮ ಸಾಹೇಬರು ವಿರೂಪಾಕ್ಷಪ್ಪನವರು ಅದನ್ನು ಒಂದೇ ಮಾತಿನಲ್ಲಿ ತಿಳಿಸಿದರು. ಲೈನಿನಲ್ಲಿ ಅನಾಹುತವಾದಾಗ ಕರೆಂಟ್ ಕಡಿಯುವ ಬ್ರೇಕರ್ ತಾನಾಗಿ ಬೀಳಬೇಕು, ಬೀಳಲು ಅದಕ್ಕೂ ಶಕ್ತಿ ಬೇಕು, ಆ ಹೊತ್ತಿಗೆ ಲೈನನ್ನು ನಂಬುವಂತಿಲ್ಲ. ಬ್ಯಾಟರಿ ಸತ್ತಿದ್ದರೆ ಟ್ರಾನ್ಸ್‌ಫಾರ್ಮರು ಸುಟ್ಟಿತು ಅಂತಲೇ ಲೆಕ್ಕ. ವಿರೂಪಾಕ್ಷಪ್ಪನವರು ಜೋರು ಮಾತಿನ ಮನುಷ್ಯ. ಆದರೆ ಬ್ಯಾಟರಿ ರೂಮಿನ ಹೊಸ್ತಿಲಲ್ಲಿ ನಿಂತರೆ ದನಿ ತಗ್ಗುತ್ತಿತ್ತು. ಒಳಗೆ ಬರುವ ಮೊದಲು ಮೂಗೆಳೆದು ವಾಸನೆ ನೋಡುತ್ತಿದ್ದರು. ಘಾಟು ಹೆಚ್ಚಿದ್ದರೆ ಎಲ್ಲೋ ಹೆಚ್ಚು ಚಾರ್ಜ್ ಆಗುತ್ತಿದೆ ಎಂದು ಅರ್ಥ. ನನಗೂ ಕ್ರಮೇಣ ಅದೇ ಅಭ್ಯಾಸವಾಯಿತು.

ಅವರ ಕಾಲದ ಒಂದು ಆಯುಧಪೂಜೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಲೈನ್‌ಮನ್ ಮಂಜಪ್ಪ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಶಿಕಾರಿಪುರದವನು, ದೈವಭಕ್ತ, ಯಾವುದನ್ನೂ ಅರ್ಧಕ್ಕೆ ಬಿಡುವವನಲ್ಲ. ಟ್ರಾನ್ಸ್‌ಫಾರ್ಮರಿಗೆ, ಜೀಪಿಗೆ, ಏಣಿಗೆ ಕುಂಕುಮ ಹಚ್ಚಿ ಮುಗಿದ ಮೇಲೆ ಬ್ಯಾಟರಿಗಳು ಮಾತ್ರ ಏನು ಪಾಪ ಮಾಡಿದ್ದವು ಎಂದು ವಿಭೂತಿ, ಅರಿಸಿನ ಕಲಸಿಕೊಂಡು ಒಂದೊಂದು ತೊಟ್ಟಿಗೂ ಮೂರು ಪಟ್ಟೆ ಎಳೆದ. ಟರ್ಮಿನಲ್ಲಿಂದ ಶುರುಮಾಡಿ ಕಬ್ಬಿಣದ ಸ್ಟ್ಯಾಂಡಿನ ತನಕ ಹಸಿ ಹಸಿಯಾಗಿ ಪಟ್ಟೆ ಇಳಿಯಿತು. ಮಂಗಳಾರತಿ ನಡೆಯುತ್ತಿದ್ದಾಗಲೇ, ಎಲ್ಲೋ ಕರೆಂಟ್ ನೆಲಕ್ಕೆ ಸೋರುತ್ತಿದೆ ಎಂದು ಎಚ್ಚರಿಸುವ ಅರ್ತ್ ಫಾಲ್ಟಿನ ಗಂಟೆ ಬಾರಿಸಿತು. ದೇವರ ಗಂಟೆಯೋ ಪ್ಯಾನೆಲ್ಲಿನ ಗಂಟೆಯೋ ಎಂದು ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಎಲ್ಲರೂ ತಿಂಡಿ ಬಿಟ್ಟು ಕೇಬಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕಿದೆವು. ಮಧ್ಯಾಹ್ನ ಕಳೆದು ನಾನು ಬ್ಯಾಟರಿ ರೂಮಿಗೆ ಹೋದರೆ ತೊಟ್ಟಿಗಳು ಸಾಲಾಗಿ ವಿಭೂತಿ ಧರಿಸಿ ಕೂತಿವೆ. ಒರೆಸಿದ ಕೂಡಲೇ ಗಂಟೆ ನಿಂತಿತು. ವಿರೂಪಾಕ್ಷಪ್ಪನವರು ಬಯ್ಯುತ್ತಾರೆಂದು ಮಂಜಪ್ಪ ತಲೆ ತಗ್ಗಿಸಿದ್ದ. ಅವರು ಇನ್ನು ಮುಂದೆ ಬ್ಯಾಟರಿಗೆ ನಮಸ್ಕಾರ ಸಾಕು, ಪೂಜೆ ಬಾಗಿಲಿಗೆ ಎಂದಷ್ಟೇ ಹೇಳಿ ಅವನ ಎಲೆಗೆ ಹೋಳಿಗೆ ಹಾಕಿಸಿದರು.

ಬಡ್ತಿ, ವರ್ಗಾವಣೆಗಳ ಮಾತು ಬಿಡುತ್ತೇನೆ. ಅವು ಎಲ್ಲರಿಗೂ ಆಗುವಂಥವೇ. ಗಾಜಿನ ತೊಟ್ಟಿ ಹೋಗಿ ಪ್ಲಾಸ್ಟಿಕ್ ಡಬ್ಬ ಬಂತು, ನೀರು ಕೇಳದ ಬ್ಯಾಟರಿ ಬಂತು, ಸೀರೆಗಳೂ ಉಳಿದವು. ಹಾರ ಹಾಕಿಸಿಕೊಂಡು ನಿವೃತ್ತಳಾದೆ. ಇನ್ನು ಬ್ಯಾಟರಿಯ ಸಹವಾಸ ಮುಗಿಯಿತು ಅಂದುಕೊಂಡಿದ್ದಾಗ ಮೃದುಲಾ ಎಂಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಳು.

ಹುಡುಗಿ ಅಂದೆ, ಆದರೆ ಅವಳು ನನಗೆ ಮೇಲಧಿಕಾರಿಯಾಗಲು ಬಂದವಳು. ಒಂದು ಖಾಸಗಿ ಕಂಪನಿಯವರು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಈಚೆಗೆ, ಜಂಬಿಟ್ಟಿಗೆ ಕಲ್ಲಿನ ಬೋಳು ಗುಡ್ಡದ ಮೇಲೆ ಸೋಲಾರ್ ಹಾಕಿದ್ದರು. ಹಗಲಿನ ಬಿಸಿಲನ್ನು ಸಂಜೆಗೆ ಕೂಡಿಡಲು ಅಲ್ಲಿ ಹೊಸ ನಮೂನೆಯ ಬ್ಯಾಟರಿ ಇಟ್ಟು ನೋಡುವ ಪ್ರಯೋಗ. ಆ ಕಡೆಯ ಲೈನು ಜಡೆ ಎಂಬ ಊರಿನ ಹಾದಿಯಲ್ಲಿ ಸೊರಬ ತಾಲ್ಲೂಕಿಗೆ ಹೋಗುತ್ತದೆ. ಆ ಲೈನೂ ಗೊತ್ತಿರಬೇಕು, ಬ್ಯಾಟರಿಯೂ ಗೊತ್ತಿರಬೇಕು, ಅಂಥವರು ಬೇಕೆಂದು ಯಾರನ್ನೋ ಕೇಳಿದಾಗ ನನ್ನ ಹೆಸರು ಹೇಳಿದ್ದರಂತೆ. ಯಾವ ಬ್ಯಾಟರಿ ಎಂದು ಕೇಳಿದೆ. ಉಪ್ಪಿನದು ಅಂದಳು. ಅಡುಗೆ ಉಪ್ಪೇ ಎಂದು ಕೇಳಿದೆ. ಅಡುಗೆ ಉಪ್ಪೇ, ಜೊತೆಗೆ ನಿಕ್ಕಲ್ ಪುಡಿ, ನಡುವೆ ಪಿಂಗಾಣಿಯ ಕೊಳವೆ ಅಂದಳು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಅದು ಕುದಿಯುವುದರೊಳಗೆ ಒಪ್ಪಿಕೊಂಡಿದ್ದೆ.

ಅದರ ಗುಟ್ಟನ್ನು ಅವಳು ನನಗೆ ಹೇಳಿಕೊಟ್ಟ ಹಾಗೇ ಇಲ್ಲಿ ಹೇಳುತ್ತೇನೆ. ಚಾರ್ಜ್ ಮಾಡಿದಾಗ ಉಪ್ಪಿನೊಳಗಿನ ಸೋಡಿಯಂ ಬಿಡಿಸಿಕೊಂಡು ಪಿಂಗಾಣಿಯ ಗೋಡೆ ದಾಟಿ ಆಚೆ ಹೋಗಿ ಕೂರುತ್ತದೆ. ಕರೆಂಟ್ ಬೇಕೆಂದಾಗ ಅದೇ ದಾರಿಯಲ್ಲಿ ವಾಪಸು ಬಂದು ಮತ್ತೆ ಉಪ್ಪಾಗುತ್ತದೆ. ಈ ಓಡಾಟ ನಡೆಯಬೇಕಾದರೆ ಒಳಗಿರುವ ಇನ್ನೊಂದು ಬಗೆಯ ಉಪ್ಪು ಕರಗಿ ನೀರಾಗಿರಬೇಕು. ಅದಕ್ಕೆ ಕಾದ ಎಣ್ಣೆಗಿಂತಲೂ ಹೆಚ್ಚಿನ ಬಿಸಿ ಬೇಕು. ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದರೆ ಬ್ಯಾಟರಿ ಬರೀ ಕಲ್ಲು. ನನಗೆ ಕಷ್ಟವಾದದ್ದು ಇದನ್ನು ತಿಳಿಯುವುದಲ್ಲ, ಹಳೆಯದನ್ನು ಮರೆಯುವುದು. ಬ್ಯಾಟರಿಗೆ ಬಿಸಿಯೇ ಶತ್ರು ಎಂದು ಜೀವಮಾನವೆಲ್ಲ ನಂಬಿದ್ದವಳು ನಾನು. ಇಲ್ಲಿ ತಂಪೇ ಶತ್ರು.

ನಿವೃತ್ತನಾಗಿ ಮನೆಯಲ್ಲಿದ್ದ ಮಂಜಪ್ಪನನ್ನೂ ನಾನೇ ಅಲ್ಲಿಗೆ ಕರೆತಂದೆ. ಅವನಿಗಂತೂ ಹಳೆಯದನ್ನು ಮರೆಯುವುದು ಇನ್ನೂ ಕಷ್ಟವಾಯಿತು. ಬ್ಯಾಟರಿಗಳನ್ನಿಟ್ಟ ಕಬ್ಬಿಣದ ಕಂಟೇನರಿನೊಳಗೆ ಬಿಸಿ ಮಾಡುವ ಕಾಯಿಲ್ ಹಾಕಿ ಮೊದಲ ಸಲ ಉಪ್ಪು ಕರಗಿಸುತ್ತಿದ್ದೆವು. ಎಷ್ಟು ಹೊತ್ತು ಕಾದು ಕೂತರೂ ಬಿಸಿ ಏರುತ್ತಿಲ್ಲ. ಮೃದುಲಾ ಕಂಪ್ಯೂಟರಿನ ಮುಂದೆ ಕೂತು ಏನೇನೋ ತಡಕಾಡಿದಳು. ನಾನು ಹಿಂದಕ್ಕೆ ಹೋಗಿ ನೋಡಿದರೆ ಮಂಜಪ್ಪ ಕಂಟೇನರಿನ ಬಾಗಿಲು ಹಾರುಹೊಡೆದು ತೆರೆದು, ಎದುರಿಗೆ ದೊಡ್ಡದೊಂದು ಫ್ಯಾನು ಇಟ್ಟು, ತಾನೂ ಆ ಗಾಳಿಗೆ ಕೂತಿದ್ದ. ಬ್ಯಾಟರಿಗೆ ಸೆಕೆಯಾಗಬಾರದೆಂದು ಇಟ್ಟಿದ್ದಂತೆ. ಮೃದುಲಾ ಮೊದಲು ತಲೆ ಮೇಲೆ ಕೈ ಇಟ್ಟುಕೊಂಡಳು, ಆಮೇಲೆ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ದಿನದಿಂದ ನಾವು ಮೂವರೂ ಒಂದೇ ಡಬ್ಬಿಯ ಬುತ್ತಿ ಹಂಚಿಕೊಂಡು ಉಣ್ಣುವ ಹಾಗಾದೆವು.

ಸುತ್ತಲಿನ ಊರುಗಳಲ್ಲಿ ಸುದ್ದಿ ಬೇರೆಯೇ ಹಬ್ಬಿತ್ತು. ಗುಡ್ಡದ ಮೇಲೆ ಬೆಂಕಿ ಕುದಿಸಿ ಇಟ್ಟಿದ್ದಾರೆ, ಒಂದು ದಿನ ಸಿಡಿದರೆ ಜಡೆಯ ತನಕ ಏನೂ ಉಳಿಯುವುದಿಲ್ಲ ಎಂದು. ಬಂದು ವಿಚಾರಿಸಿದವರು ಜಡೆಯ ಹೆಂಗಸರ ಹಾಲಿನ ಸೊಸೈಟಿಯ ಚಂದ್ರಕ್ಕ. ಅವರ ಸೊಸೈಟಿಯ ಹಾಲು ತಂಪು ಮಾಡುವ ಯಂತ್ರ ನಮ್ಮ ಲೈನಿನ ಮೇಲೇ ಇತ್ತು. ಇನ್ನೂ ಒಂದಿಷ್ಟು ಹೆಂಗಸರನ್ನು ಟ್ರ್ಯಾಕ್ಸಿನಲ್ಲಿ ತುಂಬಿಕೊಂಡು ಬಂದಿದ್ದರು. ಮೃದುಲಾ ಏನು ವಿವರಿಸಿದರೂ ಅವರ ಮುಖ ಸಡಿಲವಾಗಲಿಲ್ಲ. ಕೊನೆಗೆ ಅವಳು ಕಂಟೇನರಿನ ಗೋಡೆಗೆ ತನ್ನ ಕೆನ್ನೆಯನ್ನೇ ಒತ್ತಿ ನಿಂತಳು. ಚಂದ್ರಕ್ಕ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದು, ಮುಟ್ಟಿ, ಕೈ ಹಿಂದೆ ತೆಗೆಯದೆ ಅಲ್ಲೇ ಇಟ್ಟುಕೊಂಡು ಹೇಳಿದರು.

"ನಮ್ಮನೆ ಬಚ್ಚಲ ಹಂಡೆಗಿಂತ ತಣ್ಣಗೈತಲ್ರೀ ಇದು. ಒಳಗೆ ಅಷ್ಟು ಕಾದ್ರೂ ಹೊರಗೆ ತೋರಿಸ್ಕಳಲ್ಲ ಅಂದ್ರೆ, ನಮ್ಮಂಗೇ ಆತು ಬಿಡಿ."

ಹೆಂಗಸರೆಲ್ಲ ನಕ್ಕರು. ಹೋಗುವಾಗ ಚಂದ್ರಕ್ಕ, ಏನಾದರೂ ಆದರೆ ಫೋನು ಮಾಡಿ ಎಂದು ತಮ್ಮ ನಂಬರು ಕೊಟ್ಟು ನನ್ನದನ್ನೂ ತೆಗೆದುಕೊಂಡರು. ಫೋನು ಮಾಡಬೇಕಾಗಿ ಬಂದದ್ದು ಅವರಿಗೇ.

ಅದು ಜುಲೈ ಕೊನೆಯ ಪುಷ್ಯ ಮಳೆಯ ಕಾಲ. ನಮ್ಮ ಬ್ಯಾಟರಿ ನೋಡಿ ಅಭಿಪ್ರಾಯ ಹೇಳಲು ದೂರದಿಂದ ಮೂವರು ಪರಿಣತರು ಬರುವುದೆಂದು ಗೊತ್ತಾಗಿತ್ತು. ಅವರು ಒಪ್ಪಿದರೆ ಪ್ರಯೋಗ ಮುಂದುವರಿಯುತ್ತದೆ, ಇಲ್ಲದಿದ್ದರೆ ಕಂಟೇನರುಗಳನ್ನು ಲಾರಿಗೆ ಹೇರಿ ವಾಪಸು ಕಳಿಸುವುದು. ಮೃದುಲಾ ಅದರ ತಯಾರಿಗೆ ಬೆಂಗಳೂರಿನ ಕಚೇರಿಗೆ ಹೋಗಿದ್ದಳು. ಅದೇ ವಾರ ಗಾಳಿ ಸಮೇತ ಮಳೆ ಹಿಡಿಯಿತು. ದೊಡ್ಡ ಲೈನಿನ ಟವರು ಬಿತ್ತು, ಸೊರಬದ ರಸ್ತೆಗೆ ಅಡ್ಡಡ್ಡ ಮರಗಳು ಬಿದ್ದವು. ಆಕಾಶ ಕಂಬಳಿ ಹೊದ್ದಂತಿತ್ತು. ಸೋಲಾರಿನಿಂದ ಬರುತ್ತಿದ್ದದ್ದು ಆಫೀಸಿನ ದೀಪಕ್ಕೆ ಸಾಲುವಷ್ಟು.

ಚಂದ್ರಕ್ಕ ಬೆಳಿಗ್ಗೆಯೇ ಫೋನು ಮಾಡಿದರು. ಸುತ್ತಲಿನ ಊರುಗಳ ಹಾಲು ಅವರ ಯಂತ್ರಕ್ಕೆ ಬಂದು ಬಿದ್ದಿತ್ತು. ರಸ್ತೆ ತೆರವಾಗದೆ ಟ್ಯಾಂಕರು ಬರುವಂತಿಲ್ಲ. ಜನರೇಟರು ಕೆಟ್ಟು ಕೂತಿದೆ, ರಿಪೇರಿಯವನು ಸೊರಬದಿಂದ ಈಚೆ ದಾಟಲಾರ. ಕಾಯಿಸಿ ಹೆಪ್ಪು ಹಾಕೋಣವೆಂದರೆ ಮನೆಮನೆಯ ಪಾತ್ರೆ ಸೇರಿಸಿದರೂ ಸಾಲುವುದಿಲ್ಲ. ಮಧ್ಯಾಹ್ನದೊಳಗೆ ತಂಪು ಸಿಗದಿದ್ದರೆ ಅಷ್ಟೂ ಹಾಲು ಚರಂಡಿಗೆ. ಕುಡಿಯುವ ನೀರಿನ ಪಂಪುಗಳೂ ಅದೇ ಲೈನಿನ ಮೇಲಿದ್ದವು.

ಇಲಾಖೆಯ ಸೆಕ್ಷನ್ ಆಫೀಸರನ್ನು ಕೇಳಿದೆವು. ಅವರು ಟವರಿನ ಹತ್ತಿರ ಮಳೆಯಲ್ಲೇ ನಿಂತಿದ್ದರು. ಲೈನು ನೋಡಿ, ಬೇರೆ ಕಡೆಯ ಸ್ವಿಚ್ಚುಗಳನ್ನೆಲ್ಲ ತೆಗೆದು ಬೀಗ ಹಾಕಿದ ಮೇಲೆ ಕೊಡಿ ಎಂದು ಒಪ್ಪಿಗೆ ಕೊಟ್ಟರು. ಮಂಜಪ್ಪ ಇಲಾಖೆಯ ಲೈನ್‌ಮನ್ನುಗಳ ಜೊತೆ ರೇನ್‌ಕೋಟು ಹಾಕಿಕೊಂಡು ಕಂಬದಿಂದ ಕಂಬಕ್ಕೆ ನಡೆದು, ಕೊಂಬೆ ಕಡಿದು, ಎಲ್ಲಾ ಸರಿ ಇದೆ ಎಂದು ಹೇಳಿದ ಮೇಲೆ ನಾವು ಜಡೆಗೆ ಕರೆಂಟ್ ಬಿಟ್ಟೆವು. ಹಾಲು ತಣ್ಣಗಾಯಿತು. ಮರುದಿನವೂ ಅದೇ ಮಳೆ, ಮತ್ತೆ ಹಾಲು ಬಂತು. ಹಸುಗಳಿಗೆ ಟವರು ಬಿದ್ದದ್ದು ಗೊತ್ತಿಲ್ಲವಲ್ಲ.

ತೊಂದರೆ ಇದ್ದದ್ದು ಇಲ್ಲಿ. ಉಪ್ಪನ್ನು ಕರಗಿಸಿಟ್ಟುಕೊಳ್ಳಲೂ ಕರೆಂಟ್ ಬೇಕು. ಹೊರಗಿನ ಕರೆಂಟ್ ಇಲ್ಲದಾಗ ಬ್ಯಾಟರಿ ತನ್ನೊಳಗಿನದನ್ನೇ ತಿಂದು ಬಿಸಿಯಾಗಿರುತ್ತದೆ. ಜಡೆಗೆ ಕೊಡುತ್ತಾ ಹೋದರೆ ತನಗೆ ಉಳಿಯುವುದಿಲ್ಲ. ಮುಂದಿನ ಬೆಳಿಗ್ಗೆ ಪರದೆಯ ಮೇಲೆ ನೋಡಿದಾಗ ಉಳಿದಿದ್ದದ್ದು ಒಂದೇ ಕೆಲಸಕ್ಕೆ ಸಾಲುತ್ತಿತ್ತು. ಒಂದೋ ಹಾಲು, ಇಲ್ಲವೇ ಬಿಸಿ. ಪರಿಣತರು ಬರುವ ದಿನ ಹತ್ತಿರವಾಗಿತ್ತು. ನಾನು ಮೃದುಲಾಗೆ ಫೋನು ಮಾಡಿದೆ. ಮೊದಲು ಅವಳು, ಬಿಸಿ ಕಾಪಾಡಿಕೊಳ್ಳಿ ಮೇಡಂ, ಬಂದವರಿಗೆ ಕಲ್ಲಾದ ಬ್ಯಾಟರಿ ತೋರಿಸುವುದು ಹೇಗೆ ಅಂದಳು. ಅದು ತಪ್ಪಲ್ಲ, ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ನಾನು ಒಂದೇ ಪ್ರಶ್ನೆ ಕೇಳಿದೆ.

"ಹೆಪ್ಪುಗಟ್ಟಿದ್ರೆ ಸಾಯುತ್ತಾ?"

ಅವಳು ಹೇಳಿದಳು, "ಸಾಯಬಾರ್ದು ಮೇಡಂ. ಮತ್ತೆ ಕಾಯಿಸಿದ್ರೆ ಏಳುತ್ತೆ ಅಂತ ಓದಿದೀನಿ, ಎಲ್ರಿಗೂ ಹೇಳಿದೀನಿ. ಇಷ್ಟು ದೊಡ್ಡದು ಹೆಪ್ಪುಗಟ್ಟಿ ಎದ್ದಿದ್ದನ್ನ ನಾನು ಕಣ್ಣಾರೆ ನೋಡಿಲ್ಲ."

ಚಂದ್ರಕ್ಕನ ಹಾಲಿನ ವಿಷಯ ಹೇಳಿದೆ. ಆ ಹೆಂಗಸರು ಮಳೆಯಲ್ಲಿ ಕ್ಯಾನು ಹೊತ್ತು ನಡೆದೇ ಬರುತ್ತಿದ್ದಾರೆ ಎಂದೂ ಹೇಳಿದೆ. ಅವಳ ಹಿಂದೆ ಯಾರೋ ಮಾತಾಡುತ್ತಿದ್ದದ್ದು ಕೇಳುತ್ತಿತ್ತು. ಬಾಗಿಲು ಹಾಕಿದ ಸದ್ದಾಯಿತು.

"ಕೊಟ್ಬಿಡಿ ಮೇಡಂ. ನಾನು ಹೇಳಿದೆ ಅಂತಲೇ ಕೊಡಿ. ಇಲ್ಲಿ ಉತ್ತರ ನಾನು ಹೇಳ್ಕೋತೀನಿ."

ಎಷ್ಟೋ ಸಾಹೇಬರ ಕೈಕೆಳಗೆ ದುಡಿದಿದ್ದೇನೆ. ತಪ್ಪಾದರೆ ನಿಮ್ಮದು, ಸರಿಯಾದರೆ ನಮ್ಮದು ಎನ್ನುವವರನ್ನೇ ಹೆಚ್ಚು ಕಂಡವಳು. ಆ ಫೋನು ಇಟ್ಟಾಗ ನನಗೆ ಈ ಹುಡುಗಿಯ ಬಗ್ಗೆ ಬಂದ ಅಭಿಮಾನವನ್ನು ಹೇಗೆ ಹೇಳಲಿ. ಹೊಸದಾಗಿ ಕೆಲಸಕ್ಕೆ ಬರುವವರಿಗೆ ಹೇಳುವುದು ಇಷ್ಟೇ, ನೀವು ಸಾಹೇಬರಾದ ದಿನ ಅವಳ ಹಾಗೆ ಒಂದು ವಾಕ್ಯ ಹೇಳಲು ಕಲಿತಿರಬೇಕು.

ಕೊಟ್ಟೆವು. ಸಂಜೆಯ ಹೊತ್ತಿಗೆ ಮರಗಳು ತೆರವಾಗಿ ಟ್ಯಾಂಕರು ಜಡೆಗೆ ಬಂತು, ಅಷ್ಟೂ ಹಾಲು ತಂಪಾಗಿಯೇ ಹೊರಟಿತು. ನಮ್ಮ ಪರದೆಯ ಮೇಲೆ ಬಿಸಿ ಇಳಿಯತೊಡಗಿತು. ಅದು ಒಮ್ಮೆಲೇ ತಣ್ಣಗಾಗುವ ವಸ್ತುವಲ್ಲ. ದಪ್ಪ ಹೊದಿಕೆಯೊಳಗೆ ನಿಧಾನವಾಗಿ, ಮರುದಿನ, ಅದರ ಮರುದಿನ, ಇಳಿಯುತ್ತಲೇ ಹೋಯಿತು. ಲೈನು ಇನ್ನೂ ಬಂದಿರಲಿಲ್ಲ. ಮಂಜಪ್ಪ ಬಂದು ಕಂಟೇನರಿನ ಬಾಗಿಲ ಸಂದಿಗೆ ಗೋಣಿಚೀಲ ತುರುಕಿದ. ಅದರಿಂದ ಏನೂ ಆಗದೆಂದು ಇಬ್ಬರಿಗೂ ಗೊತ್ತಿತ್ತು. ನಾನು ತಡೆಯಲಿಲ್ಲ, ನಾನೂ ಎರಡು ಚೀಲ ತಂದುಕೊಟ್ಟೆ. ಕೊನೆಗೆ ಉಪ್ಪು ಹೆಪ್ಪುಗಟ್ಟಿತು. ಅಳತೆಯ ಮುಳ್ಳುಗಳೆಲ್ಲ ಸತ್ತವರ ನಾಡಿಯ ಹಾಗೆ ನಿಂತವು.

ಮೃದುಲಾ ಪರಿಣತರಿಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದ್ದಳು. ಬರುವುದನ್ನು ಮುಂದೂಡುತ್ತಾರೆ ಅಂದುಕೊಂಡರೆ ಅವರು ಅವಳ ಜೊತೆ ಬಂದೇ ಬಂದರು. ಅದೃಷ್ಟಕ್ಕೆ ಅವರು ಬಂದ ಹಿಂದಿನ ದಿನ ದೊಡ್ಡ ಲೈನು ಜೀವ ಪಡೆದು, ನಾವು ಕಾಯಿಲ್ ಹಾಕಿಯಾಗಿತ್ತು. ಮೂವರಲ್ಲಿ ಹಿರಿಯರು ಮಾತು ಕಡಿಮೆಯವರು. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು, ಊಟಕ್ಕೆ ಕರೆದರೂ ಏಳಲಿಲ್ಲ. ಬಿಸಿ ಏರಿತು. ಉಪ್ಪು ಕರಗುವ ಹಂತ ಬಂದಾಗ ಮುಳ್ಳು ಏರುವುದನ್ನು ಬಿಟ್ಟು ಒಂದೇ ಕಡೆ ನಿಂತಿತು. ಕರಗಲು ಅದು ಬಿಸಿಯನ್ನು ಕುಡಿಯುತ್ತಿದೆ ಎಂದು ಮೃದುಲಾ ನನ್ನ ಕಿವಿಯಲ್ಲಿ ಅಂದಳು. ಅವಳ ಕೈ ನನ್ನ ಕೈಯೊಳಗೆ ತಣ್ಣಗಿತ್ತು.

ಆಮೇಲೆ ಮುಳ್ಳು ಮತ್ತೆ ಹತ್ತಿತು. ಒಂದು ಕಂಟೇನರಿನ ವೋಲ್ಟೇಜ್ ಮಿಣುಕಿತು, ಇಳಿಯಿತು, ಮತ್ತೆ ಬಂದು ನಿಂತಿತು. ಅದರ ಪಕ್ಕದ್ದು. ಅದರಾಚೆಯದು. ಕೊನೆಯದೊಂದು ಮಾತ್ರ ಏಳಲೇ ಇಲ್ಲ. ನಮ್ಮೆಲ್ಲರ ಮುಖ ಬಾಡಿತು. ಮಂಜಪ್ಪ ಟಾರ್ಚು ಹಿಡಿದು ಹೊರಗೆ ಹೋದವನು ಸ್ವಲ್ಪ ಹೊತ್ತಿಗೆ ಬಂದು, "ಅದರ ಹೀಟರಿನ ಫ್ಯೂಸೇ ಹೋಗೈತ್ರಿ ಮೇಡಂ. ಅದಿನ್ನೂ ಮಲಗೇ ಐತಿ, ಯಾರೂ ಎಬ್ಬಿಸೇ ಇಲ್ಲ" ಅಂದ. ಫ್ಯೂಸ್ ಹಾಕಿದೆವು. ಮರುದಿನ ಮಧ್ಯಾಹ್ನ ಅದೂ ಎದ್ದಿತು. ಪೂರ್ತಿ ಚಾರ್ಜ್ ಮಾಡಿ, ಪೂರ್ತಿ ಖಾಲಿ ಮಾಡಿ, ಮತ್ತೆ ತುಂಬಿ ನೋಡಿದರೆ, ಹೆಪ್ಪುಗಟ್ಟುವ ಮೊದಲು ಎಷ್ಟು ಹಿಡಿಯುತ್ತಿತ್ತೋ ಅಷ್ಟೇ ಹಿಡಿಯಿತು. ಮೃದುಲಾ ಮಂಜಪ್ಪನ ಎರಡೂ ಕೈ ಹಿಡಿದು ಕುಲುಕಿದಳು. ಅವನು ನಾಚಿ ನನ್ನ ಹಿಂದೆ ಬಂದು ನಿಂತ.

ಹಿರಿಯರು ಆಗ ಮೊದಲ ಸಲ ನಕ್ಕರು. ಇಂಥ ಪರೀಕ್ಷೆಯನ್ನು ಬೇಕೆಂದು ಮಾಡಲು ಯಾವ ಕಂಪನಿಗೂ ಧೈರ್ಯ ಬರುವುದಿಲ್ಲ, ನಿಮಗೆ ಹೇಗೆ ಬಂತು ಎಂದು ಕೇಳಿದರು. ಮಾಡಿದ್ದಲ್ಲ ಸರ್, ಹಾಲು ಉಳಿಸಲು ಹೋಗಿ ಆದದ್ದು ಎಂದು ಮೃದುಲಾ ಹೇಳಿದಳು. ಹಾಗಾದರೆ ಆ ಹಾಲನ್ನು ನೋಡಬೇಕಲ್ಲ ಅಂದರು ಅವರು.

ಎಲ್ಲರೂ ಜೀಪು ಹತ್ತಿ ಜಡೆಗೆ ಹೋದೆವು. ಮಳೆ ಬಿಟ್ಟು ಗದ್ದೆಗಳ ಮೇಲೆ ಎಳೆ ಬಿಸಿಲು ಬಿದ್ದಿತ್ತು, ನಾಟಿ ಹಾಕುತ್ತಿದ್ದವರು ಬಗ್ಗಿದಲ್ಲಿಂದಲೇ ತಲೆ ಎತ್ತಿ ನಮ್ಮನ್ನು ನೋಡಿದರು. ಸೊಸೈಟಿಯ ಮುಂದೆ ಸಂಜೆಯ ಹಾಲಿನ ಸಾಲು ನಿಂತಿತ್ತು. ಯಾರದೋ ಮನೆಯಲ್ಲಿ ಎಮ್ಮೆ ಕರು ಹಾಕಿತ್ತಂತೆ, ಚಂದ್ರಕ್ಕ ಗಿಣ್ಣು ಮಾಡಿಸಿ ಬಾಳೆ ಎಲೆಯ ಚೂರುಗಳಲ್ಲಿ ಎಲ್ಲರಿಗೂ ಹಂಚಿದರು. ಹಿರಿಯರು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಬ್ಯಾಟರಿ ಹೇಗಿತ್ತು ಎಂದು ಅವರು ಚಂದ್ರಕ್ಕನನ್ನು ಮಾತಿಗೆಳೆದರು. ಚಂದ್ರಕ್ಕ ಅಳತೆಯ ಕೈ ನಿಲ್ಲಿಸದೆಯೇ ಉತ್ತರ ಕೊಟ್ಟರು.

"ನಮ್ಮ ಹಾಲು ಒಡೀಬಾರ್ದು ಅಂತ ಇವ್ರು ತಮ್ಮ ಉಪ್ಪನ್ನೇ ಹೆಪ್ಪಿಗೆ ಬಿಟ್ರು ಸಾರ್. ನಂಗೆ ಅದ್ರ ಲೆಕ್ಕ ಗೊತ್ತಿಲ್ಲ. ಇಂಥೋರು ನಮ್ಮೂರ ಲೈನಿನ ತುದೀಲಿ ಇರ್ಲಿ ಅಂತ ಬರ್ಕೊಳ್ಳಿ."

ಅವರು ಅದನ್ನು ಬರೆದುಕೊಂಡರೋ ಇಲ್ಲವೋ ನನಗೆ ತಿಳಿಯದು. ಕಂಟೇನರುಗಳಂತೂ ವಾಪಸು ಹೋಗಲಿಲ್ಲ. ಮುಂದಿನ ಬೇಸಿಗೆಗೆ ಅವುಗಳ ಪಕ್ಕದಲ್ಲಿ ಇನ್ನೊಂದು ಸಾಲು ಬಂದು ಕೂತಿತು. ಅದನ್ನು ಮೊದಲ ಸಲ ಕಾಯಿಸಿದ ದಿನ ಸ್ವಿಚ್ಚು ಒತ್ತಲು ಮೃದುಲಾ ಜಡೆಯಿಂದ ಚಂದ್ರಕ್ಕನನ್ನೇ ಕರೆಸಿದ್ದಳು.